ಪೊರೆಯ ಪ್ರೋಟೀನಿಗೆ ಜಿಎಫ್‌ಪಿ ಜೋಡಿಸಿದರೆ ಇಡೀ ಕೋಶವೇ ಹಸಿರಾಗುತ್ತಿದೆ, ತಪ್ಪೆಲ್ಲಿ?

ಕೋಶದ ಪೊರೆಯಲ್ಲಿರಬೇಕಾದ ಪ್ರೋಟೀನಿನ ಎನ್-ತುದಿಗೆ (ಆರಂಭದ ತುದಿಗೆ) ಇಜಿಎಫ್‌ಪಿಯನ್ನು, ಅಂದರೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಹೆಚ್ಚು ಪ್ರಕಾಶಮಾನ ರೂಪವನ್ನು, ಟ್ಯಾಗ್ ಆಗಿ ಜೋಡಿಸಿ, ಸಿಎಂವಿ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಇರುವ ಪ್ಲಾಸ್ಮಿಡ್ಡನ್ನು (ಜೀನ್ ಹೊತ್ತ ಡಿಎನ್‌ಎ ಉಂಗುರವನ್ನು) ಹೆಚ್‌ಇಕೆ293 ಎಂಬ ಮಾನವ ಕೋಶಗಳಿಗೆ ಹಾಕಿದ್ದೀರಿ. ಕೆಲವು ಕೋಶಗಳಲ್ಲಿ ನ್ಯೂಕ್ಲಿಯಸ್ ಸೇರಿ ಎಲ್ಲೆಡೆ ಹಸಿರು, ಕೆಲವದರಲ್ಲಿ ಹೊಳೆಯುವ ಗಂಟುಗಳು. ಇವಕ್ಕೆ ಕಾರಣಗಳು ಬೇರೆ ಬೇರೆ ಇರಬಹುದು, ಒಂದೊಂದಾಗಿ ನೋಡೋಣ.

ನ್ಯೂಕ್ಲಿಯಸ್ಸೂ ಹಸಿರಾಗಿದ್ದರೆ ನನ್ನ ಮೊದಲ ಅನುಮಾನ ನಿಮ್ಮ ಪ್ರೋಟೀನಿಗೆ ಅಂಟದೆ ಇರುವ ಬಿಡಿ ಜಿಎಫ್‌ಪಿಯ ಮೇಲೆ. ಅದು 27 ಕಿಲೋಡಾಲ್ಟನ್ ಅಷ್ಟೇ, ನ್ಯೂಕ್ಲಿಯಸ್‌ನ ರಂಧ್ರಗಳಲ್ಲಿ ತಾನಾಗಿ ನುಸುಳುತ್ತದೆ. ಜಿಎಫ್‌ಪಿ ಆ್ಯಂಟಿಬಾಡಿಯಿಂದ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿ. ಬ್ಯಾಂಡ್ ನಿಮ್ಮ ಪ್ರೋಟೀನಿನ ತೂಕಕ್ಕೆ 27 ಕೂಡಿಸಿದ ಕಡೆ ಬರಬೇಕು. 27ರ ಆಸುಪಾಸಿನಲ್ಲಿ ದಪ್ಪ ಬ್ಯಾಂಡ್ ಬಂದರೆ ಟ್ಯಾಗ್ ಕಡಿದುಹೋಗಿದೆ, ಇಲ್ಲವೇ ಜೋಡಣೆಯಲ್ಲಿ ರೀಡಿಂಗ್ ಫ್ರೇಮ್ (ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದುವ ಕ್ರಮ) ತಪ್ಪಿದೆ. ಟ್ಯಾಗ್ ಎನ್-ತುದಿಯಲ್ಲಿದ್ದಾಗ ಇದು ಸುಲಭವಾಗಿ ಮೋಸ ಮಾಡುತ್ತದೆ: ಮುಂದಿನ ಜೀನ್ ಫ್ರೇಮ್ ತಪ್ಪಿದ್ದರೂ ಜಿಎಫ್‌ಪಿ ಮಾತ್ರ ಪೂರ್ತಿ ತಯಾರಾಗಿ ಚೆನ್ನಾಗಿ ಹೊಳೆಯುತ್ತದೆ. ಹಾಗಾಗಿ ಎರಡರ ನಡುವಿನ ಜಾಗವನ್ನು ಸೀಕ್ವೆನ್ಸ್ ಮಾಡಿಸಲೇಬೇಕು.

ಫ್ರೇಮ್ ಸರಿಯಿದ್ದರೆ ಟ್ಯಾಗ್ ಇಟ್ಟ ತುದಿಯನ್ನು ಪರೀಕ್ಷಿಸಿ. ಪ್ರೋಟೀನಿನ ಆರಂಭದಲ್ಲಿ ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಇಆರ್‌ಗೆ ಕಳಿಸುವ ವಿಳಾಸದ ತುಣುಕು) ಇದ್ದು, ಅದಕ್ಕಿಂತ ಮೊದಲೇ ಜಿಎಫ್‌ಪಿ ಕೂತಿದ್ದರೆ ಇಆರ್‌ಗೆ, ಅಂದರೆ ಪೊರೆಯ ಪ್ರೋಟೀನುಗಳು ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ, ಹೋಗುವ ದಾರಿಯೇ ಮುಚ್ಚಿದಂತೆ. ಟ್ಯಾಗನ್ನು ಸಿಗ್ನಲ್ ಪೆಪ್ಟೈಡ್ ಕತ್ತರಿಸುವ ಜಾಗದ ನಂತರ ಇಡಿ. ಆಗ ಅದು ಇಆರ್ ಒಳಗೆ ಮಡಚಿಕೊಳ್ಳಬೇಕು. ಅಲ್ಲಿ ಇಜಿಎಫ್‌ಪಿಯ ಸಿಸ್ಟೀನ್‌ಗಳು ತಪ್ಪು ಡೈಸಲ್ಫೈಡ್ ಬಂಧ ಕಟ್ಟಿಕೊಳ್ಳುವುದರಿಂದ ಬೇಗ, ಚೆನ್ನಾಗಿ ಮಡಚಿಕೊಳ್ಳುವ ಸೂಪರ್‌ಫೋಲ್ಡರ್ ಜಿಎಫ್‌ಪಿ ಮೇಲು. ಟ್ಯಾಗನ್ನು ಸಿ-ತುದಿಗೆ (ಕೊನೆಯ ತುದಿಗೆ) ಸರಿಸುವುದಾದರೆ ನಿಮ್ಮ ಪ್ರೋಟೀನಿನ ಸ್ಟಾಪ್ ಕೋಡಾನ್ (ತಯಾರಿಕೆ ನಿಲ್ಲಿಸುವ ಸಂಕೇತ) ತೆಗೆಯಿರಿ. ಜಿಎಫ್‌ಪಿಯ ಮೊದಲ ಮೆಥಿಯೋನಿನ್ ಕೂಡ ತೆಗೆದರೆ ಅಲ್ಲಿಂದಲೇ ಬಿಡಿ ಜಿಎಫ್‌ಪಿ ಹುಟ್ಟುವುದು ತಪ್ಪುತ್ತದೆ. ಆದರೆ ಸಿ-ತುದಿಯಲ್ಲಿ ಪಿಡಿಝಡ್‌ಗೆ (ಇತರ ಪ್ರೋಟೀನುಗಳ ತುದಿಯನ್ನು ಹಿಡಿಯುವ ಪ್ರೋಟೀನ್ ಭಾಗಕ್ಕೆ) ಅಂಟುವ ಭಾಗವೋ, ರಾಸ್ ಎಂಬ ಪ್ರೋಟೀನಿನಲ್ಲಿರುವಂತೆ ಲಿಪಿಡ್ ಅಂಟಿಸುವ ಗುರುತೋ ಇದ್ದರೆ ಆ ತುದಿಯನ್ನು ಮುಟ್ಟಬೇಡಿ. ಪ್ರೋಟೀನ್ ಮತ್ತು ಟ್ಯಾಗ್ ನಡುವಿನ ಕೊಂಡಿಯಾಗಿ (ಲಿಂಕರ್) ನಾಲ್ಕು ಗ್ಲೈಸಿನ್, ಒಂದು ಸೆರೀನ್ ಮೂರು ಸಲ, ಅಂದರೆ 15 ಅಮೈನೋ ಆಮ್ಲ, ಸಾಮಾನ್ಯವಾಗಿ ಸಾಕು.

ಇನ್ನು ಗಂಟುಗಳು. ಬಹುಪಾಲು ಇದು ಅತಿಯಾದ ಉತ್ಪಾದನೆಯ ಫಲ. ಸಿಎಂವಿ ತುಂಬಾ ಬಲವಾದ ಪ್ರೊಮೋಟರ್, ಇಆರ್ ಮತ್ತು ಗಾಲ್ಜಿ ಅಷ್ಟೊಂದು ಪ್ರೋಟೀನನ್ನು ಸಾಗಿಸಲಾರದೆ ಕಟ್ಟಿಕೊಳ್ಳುತ್ತವೆ. 35 ಮಿಮೀ ಡಿಶ್‌ಗೆ 2 ಮೈಕ್ರೋಗ್ರಾಂ ಹಾಕುತ್ತಿದ್ದರೆ ನಿಮ್ಮ ಪ್ಲಾಸ್ಮಿಡ್ 100–200 ನ್ಯಾನೋಗ್ರಾಂ ಸಾಕು. ಡಿಎನ್‌ಎಯನ್ನು ಕೋಶದೊಳಗೆ ಒಯ್ಯುವ ಲಿಪಿಡ್ ಮತ್ತು ಡಿಎನ್‌ಎ ಅನುಪಾತ ಕೆಡದಂತೆ ಉಳಿದದ್ದನ್ನು ಖಾಲಿ ಪ್ಲಾಸ್ಮಿಡ್‌ನಿಂದ ತುಂಬಿಸಿ. 48 ಗಂಟೆ ಕಾಯದೆ 18–24 ಗಂಟೆಗೇ ನೋಡಿ. ಕಣ್ಣು ಸಹಜವಾಗಿ ಅತ್ಯಂತ ಪ್ರಕಾಶಮಾನ ಕೋಶಗಳತ್ತ ಓಡುತ್ತದೆ, ಆದರೆ ಅವೇ ಅತಿ ಹೆಚ್ಚು ಒತ್ತಡದಲ್ಲಿರುವ ಕೋಶಗಳು. ಕ್ಯಾಮೆರಾದ ಎಕ್ಸ್‌ಪೋಷರ್ ಹೆಚ್ಚಿಸಿ ಮಂದ ಕೋಶಗಳನ್ನು ಆರಿಸಿ, ಪೊರೆಯ ಗೆರೆ ಅಲ್ಲಿ ಕಾಣುವ ಸಾಧ್ಯತೆ ಹೆಚ್ಚು. ಜೊತೆಗೆ ಇಜಿಎಫ್‌ಪಿಗೆ ಒಂದಕ್ಕೊಂದು ಅಂಟಿ ಜೋಡಿಯಾಗುವ ಸಣ್ಣ ಪ್ರವೃತ್ತಿಯಿದೆ, ಪೊರೆಯ ಮೇಲೆ ಸಾಂದ್ರವಾದಾಗ ಅದು ತೊಂದರೆ ಕೊಡುತ್ತದೆ. ಎ206ಕೆ ಬದಲಾವಣೆ (206ನೇ ಜಾಗದಲ್ಲಿ ಅಲನಿನ್ ಬದಲು ಲೈಸಿನ್) ಇರುವ, ಒಂಟಿಯಾಗಿಯೇ ಉಳಿಯುವ ಮಾನೋಮರ್ ರೂಪ ಬಳಸಿ.

ಗಂಟು ಬರುತ್ತಿದೆಯೆಂದು ಕೆಂಪಾಗಿ ಹೊಳೆಯುವ ಎಂಚೆರ್ರಿ ಪ್ರೋಟೀನಿಗೆ ಬದಲಿಸುವವರಿದ್ದಾರೆ, ನಾನು ಹಾಗೆ ಮಾಡಲು ಹೇಳುವುದಿಲ್ಲ. ಅದು ಲೈಸೋಸೋಮ್‌ನ ಆಮ್ಲದಲ್ಲೂ ಆರದೆ ಉಳಿದು ಹೊಸ ಚುಕ್ಕೆಗಳನ್ನೇ ತೋರಿಸಬಹುದು. ಇಜಿಎಫ್‌ಪಿ ಅಲ್ಲಿ ಬಹುಮಟ್ಟಿಗೆ ಆರಿಹೋಗುತ್ತದೆ.

ಕೋಶಗಳನ್ನು ಫಿಕ್ಸ್ ಮಾಡುವಿರಾದರೆ (ಇದ್ದ ಸ್ಥಿತಿಯಲ್ಲೇ ರಾಸಾಯನಿಕವಾಗಿ ಸ್ಥಿರಗೊಳಿಸುವಿರಾದರೆ) 4% ಪ್ಯಾರಾಫಾರ್ಮಾಲ್ಡಿಹೈಡ್, ಕೋಣೆಯ ತಾಪದಲ್ಲಿ 10–15 ನಿಮಿಷ. ಮೆಥನಾಲ್ ಬೇಡ, ಹೊಳಪು ಹೋಗುತ್ತದೆ.

ಇಷ್ಟಾದ ಮೇಲೂ ಪೊರೆಗೆ ಬರದಿದ್ದರೆ, ಜಿಎಫ್‌ಪಿ ಬದಲು 9 ಅಮೈನೋ ಆಮ್ಲದ ಹೆಚ್‌ಎ ಟ್ಯಾಗ್ ಹಾಕಿ ಆ್ಯಂಟಿಬಾಡಿಯಿಂದ ನೋಡಿ. ಅದೂ ಇಆರ್‌ನಲ್ಲೇ ಸಿಕ್ಕಿಕೊಂಡರೆ ದೋಷ ಜಿಎಫ್‌ಪಿಯದಾಗಿರಲಾರದು. ಆಗ ಆ ಪ್ರೋಟೀನಿಗೆ ಜೊತೆಯಲ್ಲಿ ಬೇಕಾದ ಇನ್ನೊಂದು ಘಟಕ ಹೆಚ್‌ಇಕೆ ಕೋಶದಲ್ಲಿ ಇದೆಯೇ ಎಂದು ಹುಡುಕಿ.