ಮೇಡಂ, ವೈನಿ, ಅಕ್ಕ: ಇವರಲ್ಲಿ ನಾನು ಯಾರು?

ಮಾನ್ಯ ಸಹೋದರಿಯವರಿಗೆ ನಮಸ್ಕಾರ.

ಮುಧೋಳದಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂಬ ಕೋರಿಕೆಯನ್ನು ಪಾಲಿಸಿ, ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ವಿಭಾಗ ನೋಡಿಕೊಳ್ಳುವ ನೀವು ಅಲ್ಲಿ ಕಟ್ಟುನಿಟ್ಟಿನ ‘ಮೇಡಂ’; ಗಂಡನ ಮನೆಯಲ್ಲಿ ತಲೆತುಂಬ ಸೆರಗು ಹೊದ್ದು ಮೆಲುದನಿಯಲ್ಲಿ ಮಾತಾಡುವ ‘ವೈನಿ’, ಅಂದರೆ ಅತ್ತಿಗೆ; ಇಂಡಿ ಕಡೆಯ ತವರಿಗೆ ಹೋದರೆ ಕಟ್ಟೆಯ ಮೇಲೆ ಕುಳಿತು ಮನಸಾರೆ ನಗುವ ‘ಅಕ್ಕ’. ‘ಮೂರೂ ಕಡೆ ನಾಟಕ ಮಾಡುತ್ತಿದ್ದೇನೆ ಅನಿಸುತ್ತದೆ, ಇದರಲ್ಲಿ ನಿಜವಾದ ನಾನು ಯಾರು?’ ಎಂದು ಕೇಳಿದ್ದೀರಿ. ಈ ಪ್ರಶ್ನೆ ಎದ್ದ ಸಂದರ್ಭವನ್ನೂ ತಿಳಿಸಿದ್ದೀರಿ. ಮಾವನವರು ನೆಂಟರೊಬ್ಬರ ಕಬ್ಬಿನ ಬೆಳೆಸಾಲದ ಮಾತೆತ್ತಿದಾಗ, ಹಳೆಯ ಸಾಲ ಬಾಕಿಯಿಲ್ಲವೆಂಬ ಬೇಬಾಕಿ ಪತ್ರವಿಲ್ಲದ ಆ ಅರ್ಜಿಯನ್ನು ಮುಂದಕ್ಕೆ ಕಳಿಸಲು ಸ್ವತಃ ನಿಮಗೇ ಮನಸ್ಸಿರಲಿಲ್ಲ; ಆದರೆ ಬಾಯಿಂದ ಬಂದದ್ದು ‘ಮ್ಯಾನೇಜರ್ ಒಪ್ಪುವುದಿಲ್ಲ’ ಎಂಬ ಮಾತು.

ಮೂರು ಕಡೆ ಮೂರು ರೀತಿ ಇರುವುದನ್ನು ನಾಟಕವೆಂದು ನಾನು ಒಪ್ಪುವುದಿಲ್ಲ. ಬೆಳಗಾವಿಯಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಗೆಳೆಯರೊಡನೆ ಉರ್ದು ಆಡುವವರು ಎಷ್ಟೋ ಜನರಿದ್ದಾರೆ. ಅವರನ್ನು ಯಾರೂ ಮೂವರೆಂದು ಎಣಿಸುವುದಿಲ್ಲ. ನಾಟಕದ ವಿಷಯವನ್ನೇ ತೆಗೆದುಕೊಂಡರೂ, ನಮ್ಮ ಜಿಲ್ಲೆಯ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಮುಂದೆ ಬಸವಣ್ಣನಾಗಿಯೂ ರಂಗದ ಮೇಲೆ ನಿಂತವರು. ಅವರಿಂದ ಯಾರಿಗೂ ಮೋಸವಾಗಲಿಲ್ಲ, ಏಕೆಂದರೆ ಅದು ಪಾತ್ರವೆಂಬುದು ಆಡುವವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ನೀವು ಹಿರಿಯರೆದುರು ದನಿ ತಗ್ಗಿಸಿದಾಗಲೂ ಅದು ಮರ್ಯಾದೆಯೆಂಬುದು ನಿಮಗೂ ಅವರಿಗೂ ತಿಳಿದೇ ಇರುತ್ತದೆ.

ನಿಮಗಾಗುತ್ತಿರುವ ದಣಿವು ಮಾತ್ರ ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನದ ಗಗನಸಖಿಯರ ಜೊತೆಗೆ ಬಾಕಿ ವಸೂಲಿ ಮಾಡುವವರನ್ನೂ ಗಮನಿಸಿದ್ದರು. ಒಬ್ಬರ ಕೆಲಸ ಇರುವುದಕ್ಕಿಂತ ಹೆಚ್ಚು ನಗುವುದು, ಇನ್ನೊಬ್ಬರದು ಇರುವುದಕ್ಕಿಂತ ಹೆಚ್ಚು ಗಡುಸಾಗುವುದು. ಕೆಲಸದ ಮುಖವೇ ತನ್ನ ಮುಖವೆಂದು ಪೂರ್ತಿ ನಂಬಿದವರು ಬೇಗ ಬಳಲಿ ಬತ್ತಿಹೋಗುವ ಅಪಾಯವಿದೆ. ಎರಡೂ ಬೇರೆಯೆಂದು ಅರಿತವರಲ್ಲಿ ಕೆಲವರು ‘ನಾನು ಸುಳ್ಳುಗಾರ್ತಿ’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಾಗೆ ಹಳಿದುಕೊಳ್ಳದವರೂ ಇದ್ದಾರೆ, ಆದರೆ ಅವರಿಗೆ ಕೆಲಸದ ಮೇಲಿನ ನಂಬಿಕೆಯೇ ಸಡಿಲವಾಗುವ ಭಯವಿದೆ ಎಂದು ಹಾಕ್‌ಶೀಲ್ಡ್ ಬರೆದಿದ್ದಾರೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಎರಡನೆಯ ಬಗೆಯ ನೋವು. ಬ್ಯಾಂಕಿನಲ್ಲಿ ಗಡುಸಾಗಿದ್ದಕ್ಕೆ, ಮನೆಯಲ್ಲಿ ಮೌನವಾಗಿದ್ದಕ್ಕೆ, ತವರಿನಲ್ಲಿ ನಕ್ಕಿದ್ದಕ್ಕೆ ಕೂಡ ನೀವು ನಿಮ್ಮನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿಕೊಂಡಿದ್ದೀರಿ. ಅಷ್ಟು ದೊಡ್ಡ ಶಿಕ್ಷೆಯ ಅಗತ್ಯವಿಲ್ಲ.

ನಿಮ್ಮನ್ನು ನಿಜವಾಗಿ ಚುಚ್ಚುತ್ತಿರುವುದು ಮ್ಯಾನೇಜರರ ಹೆಸರಿನ ಆ ಒಂದು ಮಾತು ಎಂದು ನನ್ನ ನಂಬಿಕೆ. ತೀರ್ಮಾನ ನಿಮ್ಮದಾಗಿತ್ತು, ಅದು ಸರಿಯಾದ ತೀರ್ಮಾನವೂ ಆಗಿತ್ತು. ಆದರೆ ಅದನ್ನು ಎದುರಿಗಿಲ್ಲದ ಇನ್ನೊಬ್ಬರ ಹೆಗಲಿಗೆ ಏರಿಸಿದಿರಿ. ಮಾವನವರಿಗೆ ಅದು ತಿಳಿಯಲಿಲ್ಲ, ಮ್ಯಾನೇಜರರಿಗೂ ತಿಳಿಯಲಿಲ್ಲ, ನಿಮಗೊಬ್ಬರಿಗೇ ಗೊತ್ತಿತ್ತು. ದಾಖಲೆ ಅಪೂರ್ಣವಾಗಿ ತಂದ ರೈತನಿಗೆ ಕೌಂಟರಿನಲ್ಲಿ ಯಾವ ಕಾರಣ ಹೇಳಿ ಅರ್ಜಿ ಮರಳಿಸುತ್ತೀರೋ, ಅದೇ ಕಾರಣವನ್ನು ಮನೆಯಲ್ಲಿ ನುಂಗಿಕೊಂಡಿರಿ. ಸೊಸೆಯಾದವಳಿಗೆ ಮಾವನೆದುರು ‘ಆಗುವುದಿಲ್ಲ’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆ. ಅದೇ ಮಾತನ್ನು ಮಗ ಆಡಿದರೆ ಶಿಸ್ತು, ಸೊಸೆ ಆಡಿದರೆ ಸೊಕ್ಕು ಎನ್ನುವ ಮನೆಗಳು ಇಂದಿಗೂ ಇವೆ. ಅದು ಅನ್ಯಾಯ, ಆ ಅನ್ಯಾಯದ ಭಾರವನ್ನು ನಿಮ್ಮ ಪ್ರಾಮಾಣಿಕತೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಇನ್ನು ಮುಂದೆ, ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಯವರ ಕಿವಿಗೆ ಬಿದ್ದರೆ ಏನಾದೀತೋ ಎಂದು ಒಳಗೆ ಅಳುಕಾದಾಗ ತುಸು ನಿಂತು, ಆ ಅಳುಕು ಎಲ್ಲಿಂದ ಬಂತೆಂದು ನೋಡಿಕೊಳ್ಳಿ. ಎಲ್ಲ ಗುಟ್ಟೂ ಸುಳ್ಳಲ್ಲ. ಗ್ರಾಹಕರ ಖಾತೆಯ ಸಂಗತಿಯನ್ನು ಮನೆಯಲ್ಲಿ ಹೇಳದಿರುವುದು ನಿಮ್ಮ ಕರ್ತವ್ಯ, ಮನೆಯ ಬೇಸರವನ್ನು ಬ್ಯಾಂಕಿಗೆ ಒಯ್ಯದಿರುವುದು ನಿಮ್ಮ ಹಕ್ಕು. ಆದರೆ ಎದುರಿಗಿರುವವರು ನಿಮ್ಮನ್ನು ನಂಬಿ ತಪ್ಪು ತಿಳಿದುಕೊಂಡಿದ್ದರಿಂದ ಆದ ಅಳುಕಾಗಿದ್ದರೆ, ತಿದ್ದಬೇಕಾದ ಜಾಗ ಅದು.

ಮಾವನವರ ಹತ್ತಿರ ಆ ವಿಷಯವನ್ನು ಮತ್ತೆ ಎತ್ತಲು ಇನ್ನೂ ಹೊತ್ತು ಮೀರಿಲ್ಲ. ಇದಕ್ಕಾಗಿ ಬ್ಯಾಂಕಿನ ಮೇಡಂ ದನಿಯನ್ನು ಮನೆಗೆ ತರಬೇಕಾಗಿಲ್ಲ, ಸೆರಗನ್ನೂ ಸರಿಸಬೇಕಾಗಿಲ್ಲ. ‘ಮಾವಾರ, ಮ್ಯಾನೇಜರ್ ಅಲ್ಲರಿ, ನಾನ ಬ್ಯಾಡ ಅಂದಿದ್ದು. ಬೇಬಾಕಿ ಪತ್ರ ಇಲ್ಲದ ಯಾರ ಅರ್ಜಿನೂ ನಾ ಮುಂದ ಕಳಸಂಗಿಲ್ರಿ’ ಎಂದು ಎಂದಿನ ಮೆಲುದನಿಯಲ್ಲೇ ಹೇಳಬಹುದು. ಜೊತೆಗೆ ಆ ನೆಂಟರಿಗೆ ಹಳೆಯ ಬಾಕಿ ಎಲ್ಲಿದೆ, ಅದನ್ನು ತೀರಿಸಿ ಪತ್ರ ಪಡೆಯುವುದು ಹೇಗೆ, ಜಮೀನಿನ ಉತಾರದೊಂದಿಗೆ (ಪಹಣಿ) ಇನ್ನೇನು ಲಗತ್ತಿಸಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಬ್ಯಾಂಕಿನಲ್ಲಿ ಕಲಿತ ಕೆಲಸ ಮನೆಯವರಿಗೂ ಆಗಿಬರಲಿ. ಅವರು ಮೊದಲ ದಿನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅವರೇನೆಂದರು ಎಂಬುದನ್ನು ಸಾಧ್ಯವಾದಾಗ ನಮಗೂ ಬರೆಯಿರಿ.

— ಸಂಪಾದಕ, ಬೆಳಗಾವಿ