ಎಂಡೋಸಲ್ಫಾನ್ ನಿಂತಿತು, ಅದರ ಕಚ್ಚಾ ರಾಸಾಯನಿಕಗಳೂ ನಿಂತವೇ?

ಭಟ್ಕಳದಿಂದ ನೀವು ಕೇಳಿದ್ದು ಎರಡು ಪ್ರಶ್ನೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಮಾಡಲು ಬೇಕಾದ ರಾಸಾಯನಿಕಗಳ ವ್ಯಾಪಾರಕ್ಕೂ ತಡೆ ಬಿತ್ತೇ? ಹೆದ್ದಾರಿ 66ರ ಟ್ಯಾಂಕರಿನಲ್ಲಿ ಅಂಥದ್ದಿದ್ದರೆ ತಿಳಿಯುವುದು ಹೇಗೆ?

ಮೊದಲನೆಯದಕ್ಕೆ ಉತ್ತರ: ಇಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದ್ದು, ಮೇ 13ರಂದು ಸುಪ್ರೀಂ ಕೋರ್ಟ್ ತಡೆದದ್ದು ಎಂಡೋಸಲ್ಫಾನನ್ನು. ಅದನ್ನು ತಯಾರಿಸುವಾಗ ಬಳಸುವ ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಈನ್ (ಚಿಕ್ಕದಾಗಿ ಎಚ್‌ಸಿಸಿಪಿ) ಆ ಪಟ್ಟಿಯಲ್ಲಿಲ್ಲ, ಥಯೋನೈಲ್ ಕ್ಲೋರೈಡೂ ಇಲ್ಲ. ಅದೇ ಪಟ್ಟಿಯಲ್ಲಿರುವ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಎಂಬ ಕೀಟನಾಶಕಗಳು ಹುಟ್ಟಿದ್ದು ಇದೇ ಎಚ್‌ಸಿಸಿಪಿಯಿಂದ. 2023ರಲ್ಲಿ ಪಟ್ಟಿಗೆ ಬಿದ್ದ ಡೆಕ್ಲೋರೇನ್ ಪ್ಲಸ್ ಎಂಬ ಬೆಂಕಿ ನಿರೋಧಕವೂ ಅದರದ್ದೇ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು, ತಾಯಿ ಮಾತ್ರ ಹೊರಗೇ ಇದ್ದಾಳೆ.

ಕಾರಣವಿದೆ. 2004ರಲ್ಲಿ ಜಾರಿಗೆ ಬಂದ ರಾಟರ್‌ಡ್ಯಾಮ್ ಒಪ್ಪಂದ ಅಪಾಯಕಾರಿ ರಾಸಾಯನಿಕಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುತ್ತದೆ. ಅದರ ಪಟ್ಟಿಗೆ ಒಂದು ಕೈಗಾರಿಕಾ ರಾಸಾಯನಿಕ ಸೇರಬೇಕಾದರೆ, ಜಗತ್ತಿನ ಕನಿಷ್ಠ ಎರಡು ವಲಯಗಳ ದೇಶಗಳು ಅದನ್ನು ನಿಷೇಧಿಸಿದ್ದೇವೆ ಅಥವಾ ಬಿಗಿಯಾಗಿ ನಿರ್ಬಂಧಿಸಿದ್ದೇವೆ ಎಂದು ತಿಳಿಸಿರಬೇಕು. ಇಂಟರ್‌ಮೀಡಿಯೆಟ್ ಅಂದರೆ ಇನ್ನೊಂದು ರಾಸಾಯನಿಕ ತಯಾರಿಸುವಾಗ ನಡುವೆ ಬಳಸುವ, ರಿಯಾಕ್ಟರಿನೊಳಗೇ ಖರ್ಚಾಗಿಹೋಗುವ ವಸ್ತು, ಹೊಲಕ್ಕೆ ಬರುವುದಿಲ್ಲ. ಹಾಗಾಗಿ ನಿಷೇಧಿಸುವ ಗೋಜಿಗೆ ಹೋಗುವವರು ಕಡಿಮೆ. ರಾಸಾಯನಿಕಗಳ ಕುರಿತ ಯುರೋಪಿನ ರೀಚ್ ಕಾನೂನು ಕೂಡ ಕಟ್ಟುನಿಟ್ಟಾಗಿ ಮುಚ್ಚಿದ ವ್ಯವಸ್ಥೆಯಲ್ಲಿ ಬಳಸುವ ಇಂಟರ್‌ಮೀಡಿಯೆಟ್‌ಗೆ ಹಗುರ ನೋಂದಣಿ ಸಾಕು ಅನ್ನುತ್ತದೆ. ಈ ವಾದ ಪೂರ್ತಿ ಸುಳ್ಳಲ್ಲ, ಥಯೋನೈಲ್ ಕ್ಲೋರೈಡ್‌ನಿಂದ ಔಷಧಿಯೂ ಆಗುತ್ತದೆ, ಬಣ್ಣವೂ ಆಗುತ್ತದೆ. ಆದರೆ 1984ರಲ್ಲಿ ಭೋಪಾಲದಲ್ಲಿ ಜನರನ್ನು ಕೊಂದ ಮೀಥೈಲ್ ಐಸೊಸಯನೇಟ್ ಕೂಡ ಇಂಟರ್‌ಮೀಡಿಯೆಟ್ಟೇ. ಯಾವ ರೈತನೂ ಅದನ್ನು ಕೊಂಡಿರಲಿಲ್ಲ.

ವಿಚಿತ್ರವೆಂದರೆ ಥಯೋನೈಲ್ ಕ್ಲೋರೈಡ್ ಸಿಕ್ಕಿಬಿದ್ದಿರುವುದು ಬೇರೆ ಬಲೆಯಲ್ಲಿ. ರಾಸಾಯನಿಕ ಅಸ್ತ್ರ ಒಪ್ಪಂದದ 3ನೇ ಅನುಸೂಚಿಯಲ್ಲಿ ಅದರ ಹೆಸರಿದೆ. ವರ್ಷಕ್ಕೆ 30 ಟನ್ ಮೀರಿ ತಯಾರಿಸುವ ಕಾರ್ಖಾನೆ ಲೆಕ್ಕ ಘೋಷಿಸಬೇಕು. ನಮ್ಮಲ್ಲಿ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ 18ನೇ ನಿಯಮದಂತೆ ಆಮದುದಾರ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಮಾಹಿತಿ ಕೊಡಬೇಕು. ದಾಸ್ತಾನಿನ ಮಿತಿಯೂ ಅಲ್ಲೇ ಇದೆ: ಮೀಥೈಲ್ ಐಸೊಸಯನೇಟ್ 150 ಕೆಜಿ, ಫಾಸ್ಜೀನ್ ಎಂಬ ವಿಷಾನಿಲ 750 ಕೆಜಿ, ಕ್ಲೋರಿನ್ 10 ಟನ್. ಅದಕ್ಕಿಂತ ಕೆಳಗಿದ್ದರೆ ಬಿಗಿ ಸಡಿಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದಾದರೆ ಹೆಸರು ಕೇಳಬೇಡಿ, ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಅಂಕಿಯಾದ ಸಿಎಎಸ್ ಸಂಖ್ಯೆ ಬರೆಯಿರಿ. ವ್ಯಾಪಾರದ ಹೆಸರುಗಳು ಹಲವು ಇರಬಹುದು, ಸಂಖ್ಯೆ ಬದಲಾಗದು. ಎಂಡೋಸಲ್ಫಾನ್ 115-29-7, ಎಚ್‌ಸಿಸಿಪಿ 77-47-4, ಥಯೋನೈಲ್ ಕ್ಲೋರೈಡ್ 7719-09-7.

ಇನ್ನು ಟ್ಯಾಂಕರ್. ಎರಡೂ ಪಕ್ಕ ಮತ್ತು ಹಿಂಬದಿಯಲ್ಲಿ ತುರ್ತು ಮಾಹಿತಿ ಫಲಕ ಇರಲೇಬೇಕು. ಅದರಲ್ಲಿ ಸಾಗಿಸುವ ಅಪಾಯಕಾರಿ ಸರಕನ್ನು ಗುರುತಿಸುವ ನಾಲ್ಕಂಕಿಯ ಯುಎನ್ ಸಂಖ್ಯೆ ನೋಡಿ: 2646 ಎಚ್‌ಸಿಸಿಪಿ, 1836 ಥಯೋನೈಲ್ ಕ್ಲೋರೈಡ್. ಕಾರವಾರದ ಬಳಿಯ ಬಿಣಗಾದಲ್ಲಿರುವಂಥ ಕಾಸ್ಟಿಕ್ ಸೋಡಾ ಕಾರ್ಖಾನೆಗಳ ಸರಕಿನ ಅಂಕಿ ಬೇರೆ: 1017 ಕ್ಲೋರಿನ್, 1824 ಕಾಸ್ಟಿಕ್ ದ್ರಾವಣ, 1789 ಹೈಡ್ರೋಕ್ಲೋರಿಕ್ ಆಮ್ಲ. ಖಾಲಿ ಮಾಡಿದ ಮೇಲೂ ಹಳೇ ಫಲಕ ಹಾಗೇ ಉಳಿದಿರಬಹುದು, ಮಳೆಗಾಲದಲ್ಲಿ ಕೆಸರು ಅಂಕಿಯನ್ನು ಮುಚ್ಚಿರಬಹುದು. ಹಾಗಾಗಿ ಮೂರು ಫಲಕಗಳಲ್ಲಿ ಕಾಣುವಷ್ಟನ್ನೂ ದೂರದಿಂದಲೇ ಹೋಲಿಸಿ.

1836 ಅಂಕಿಯ ಟ್ಯಾಂಕರ್ ಮಗುಚಿದರೆ ಯಾರೂ ನೀರು ಹೊಡೆಯಬಾರದು. ಒಂದು ಕೆಜಿ ಥಯೋನೈಲ್ ಕ್ಲೋರೈಡ್ ನೀರಿನೊಡನೆ ಸೇರಿದರೆ ಸುಮಾರು 540 ಗ್ರಾಂ ಸಲ್ಫರ್ ಡೈಆಕ್ಸೈಡ್, 610 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಏಳುತ್ತವೆ. ಕರಾವಳಿಯ ಜೂನ್-ಜುಲೈ ಮಳೆ ಆ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಒಣ ಮರಳು ಮುಚ್ಚುವುದು ದಾರಿ, ಅದೂ ರಕ್ಷಣಾ ಉಡುಪು ತೊಟ್ಟವರ ಕೆಲಸ. ನೀವು ಗಾಳಿ ಬೀಸಿ ಬರುವ ಕಡೆಗೆ ಸರಿಯಿರಿ: ಮಳೆಗಾಲದಲ್ಲಿ ಸಾಮಾನ್ಯವಾಗಿ ಅದು ಸಮುದ್ರದ ಬದಿ, ಚಳಿಗಾಲದ ರಾತ್ರಿ ಘಟ್ಟದ ಬದಿ. ಈ ಅನಿಲಗಳು ಗಾಳಿಗಿಂತ ಭಾರ, ಹಾಗಾಗಿ ತಗ್ಗು, ಹಳ್ಳ, ಮೋರಿಯತ್ತ ಇಳಿಯಬೇಡಿ. 112ಕ್ಕೆ ಕರೆ ಮಾಡಿ ಮೊದಲು ಜಾಗ, ಆಮೇಲೆ ಆ ನಾಲ್ಕು ಅಂಕಿ ಹೇಳಿ.