ಹಾಲಿವುಡ್ ನಟ ಜೆಫ್ ಬ್ರಿಜಸ್ ಮನೆಯಲ್ಲಿ ಇನ್ನೂ ಯಾರ್ಯಾರು ನಟರು?

ಮೂರು ತಲೆಮಾರು ಇದ್ದಾರೆ. ಅಪ್ಪ ಲಾಯ್ಡ್ ಬ್ರಿಜಸ್‌ಗೆ (1913–1998) ಮನೆಮಾತಾಗುವಷ್ಟು ಹೆಸರು ತಂದಿದ್ದು 1958ರಲ್ಲಿ ಶುರುವಾದ 'ಸೀ ಹಂಟ್' ಟಿವಿ ಸರಣಿ, ಅದರಲ್ಲಿ ಅವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುವ ಡೈವರ್. ಮಕ್ಕಳಾದ ಬೋ, ಜೆಫ್ ಇಬ್ಬರೂ ಅದರಲ್ಲಿ ಮುಖ ತೋರಿಸಿದ್ದರು. ಜೆಫ್ ಅಂತೂ ಕೈಗೂಸಾಗಿದ್ದಾಗಲೇ ಅಮ್ಮ ಡೊರೊತಿ ಜೊತೆ ಒಂದು ಸಿನಿಮಾದಲ್ಲಿ ಬಂದುಬಿಟ್ಟಿದ್ದರು!

ಜೆಫ್‌ಗೆ 2010ರಲ್ಲಿ 'ಕ್ರೇಜಿ ಹಾರ್ಟ್'ಗಾಗಿ ಆಸ್ಕರ್ ಬಂತು, ವೇದಿಕೆಯಲ್ಲಿ ಅಪ್ಪ ಅಮ್ಮನನ್ನು ನೆನೆದರು. ಅಣ್ಣ ಬೋಗೆ ಮೂರು ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಬಂದಿವೆ, ಆದರೂ ಜನಕ್ಕೆ ತಮ್ಮನೇ ಜಾಸ್ತಿ ಗೊತ್ತು, ಅನ್ಯಾಯ ಅಲ್ವಾ? ಬೋ ಮಗ ಜೋರ್ಡನ್ ಕೂಡ ನಟ.

ಒಂದೇ ಸಿನಿಮಾ ನೋಡುವುದಾದರೆ 1989ರ 'ದಿ ಫ್ಯಾಬ್ಯುಲಸ್ ಬೇಕರ್ ಬಾಯ್ಸ್' ನೋಡಿ. ಅಣ್ಣ ತಮ್ಮ ಅದರಲ್ಲೂ ಅಣ್ಣ ತಮ್ಮನೇ, ಅಕ್ಕಪಕ್ಕ ಪಿಯಾನೊ ಇಟ್ಟುಕೊಂಡು ಜಗಳ ಆಡುತ್ತಾರೆ.